ಹೆಸರು ಹಾಕಿಸಿದ ಗ್ಲಾಸು, ವೇಲ್ಸಿನ ಮೈದಾನ

ಮಸ್ಕಿ

ನಿಮ್ಮ ಮೊಮ್ಮಗಳು ಫಾರಿನ್ನಿನಲ್ಲಿ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಅವರನ್ನು ಕೂಡಿಸಿ ನೀರು ಕೊಡುತ್ತೇನೆ. ಹೇಳಿ ಮುಗಿಸಲು ಹೊತ್ತು ಬೇಕಲ್ಲ! ಅವಳು ಡಾಕ್ಟರಲ್ಲ, ಇಂಜಿನಿಯರಲ್ಲ, ಟೀಚರೂ ಅಲ್ಲ. ಆಟದ ಸಂಘಗಳಿಗೆ ಹೋಗುತ್ತಾಳೆ. ಮೈದಾನದಲ್ಲಿ ಕಸ ಎಷ್ಟು ಬೀಳುತ್ತದೆ, ದೀಪ ಎಷ್ಟು ಸುಮ್ಮನೆ ಉರಿಯುತ್ತದೆ, ನೀರು ಎಷ್ಟು ಹರಿದು ಹೋಗುತ್ತದೆ ಎಂದು ನೋಡಿ, ಅದನ್ನು ಕಡಿಮೆ ಮಾಡುವ ದಾರಿ ಹೇಳಿಕೊಡುತ್ತಾಳೆ. ಭೂಮಿಗೆ ಭಾರವಾಗದ ಹಾಗೆ ಆಟ ಆಡುವುದನ್ನು ಕಲಿಸುತ್ತಾಳೆ ಅನ್ನಿ.

ಇಷ್ಟೆಲ್ಲ ಕೇಳಿಸಿಕೊಂಡ ಎದುರು ಮನೆಯ ನೀಲಮ್ಮ ಒಂದು ದಿನ ಅಂದಳು, “ಅಂದ್ರ ಕಸ ಹೊಡಿಯೋ ಕೆಲಸೇನ್ರೀ ಅಕ್ಕ?”

“ಕಸ ಬೀಳದಂಗ ನೋಡೋ ಕೆಲಸ,” ಎಂದೆ.

“ಕಸಾನ ಬೀಳಲಿಲ್ಲಂದ್ರ ಇಕಿಗೆ ಪಗಾರ ಯಾಕ ಕೊಡ್ತಾರ?”

ಅದನ್ನೂ ಹೋಗಿ ಕಣ್ಣಾರೆ ನೋಡಿಯೇ ಬರೋಣ ಎಂದು ಹೊರಟೆ.

ನಾನು ಓದಿದ್ದು ಬಳಗಾನೂರಿನ ಶಾಲೆಯಲ್ಲಿ, ನಾಲ್ಕನೇ ಇಯತ್ತೆಯವರೆಗೆ. ಮಸ್ಕಿ ಬಜಾರಿನಲ್ಲಿ ನಮ್ಮದೊಂದು ಬಾಂಡೆ ಸಾಮಾನಿನ ಅಂಗಡಿ ಇದೆ. ಮದುವೆ, ಗೃಹಪ್ರವೇಶಕ್ಕೆ ಸ್ಟೀಲಿನ ತಂಬಿಗೆ, ತಾಟು ಒಯ್ಯುವವರು ಹೆಸರು ಹಾಕಿಸುತ್ತಾರೆ. ಹೆಸರನ್ನು ಚೀಟಿಯಲ್ಲಿ ನಾನು ಬರೆದು ಕೊಟ್ಟರೆ, ನಮ್ಮ ಮನೆಯವರು ಮಷೀನು ಹಿಡಿದು ಕೊರೆಯುತ್ತಾರೆ. ಒಂದು ಒತ್ತಕ್ಷರ ತಪ್ಪಿದರೆ ಬೀಗರ ಮುಂದೆ ಮಾನ ಹೋಯಿತೆಂದು ಗಿರಾಕಿ ಕುಣಿಯುತ್ತಾನೆ. ಆ ಹೆದರಿಕೆಯಲ್ಲೇ ನಾನು ಕನ್ನಡ ಬರೆಯಲು ಕಲಿತದ್ದು. ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಮೊಮ್ಮಗಳ ಹೆಸರು ಗಂಗಾ. ಮಗನ ಮಗಳು. ಸಿಂಧನೂರಿನಲ್ಲಿ ಕಾಲೇಜಿಗೆ ಹೋಗುವಾಗ ಖೋಖೋ ಆಡುತ್ತಿದ್ದಳು. ಕಂಬ ಮುಟ್ಟಿ ತಿರುಗಿದರೆ ಗಾಳಿಗೂ ಸಿಗುತ್ತಿರಲಿಲ್ಲ. ಲಿಂಗಸುಗೂರಿನಲ್ಲಿ ಒಂದು ಪಂದ್ಯದಲ್ಲಿ ಮೊಣಕಾಲು ತಿರುವಿಕೊಂಡು ಆಟ ಬಿಟ್ಟಳು. ಆಟ ಬಿಟ್ಟರೂ ಮೈದಾನ ಬಿಡಲಿಲ್ಲ ನೋಡಿ! ಪರಿಸರದ ಓದು ಓದಿ, ವೇಲ್ಸ್ ಎಂಬ ದೇಶಕ್ಕೆ ಹೋಗಿ ಇನ್ನೂ ಓದಿ, ಅಲ್ಲೇ ಈ ಕೆಲಸಕ್ಕೆ ಸೇರಿದಳು. “ಆಯಿ, ನೀ ಒಂದ್ಸಲ ಬಾರ,” ಎಂದು ಫೋನಿನಲ್ಲಿ ಒಂದೇ ಸಮನೆ ಕರೆದಳು. ನಮ್ಮ ಮನೆಯಲ್ಲಿ ಅಜ್ಜಿಗೆ ಆಯಿ ಅನ್ನುತ್ತಾರೆ. ನಮ್ಮ ಮನೆಯವರು ಅಂಗಡಿ ಬಿಟ್ಟು ಬರುವವರಲ್ಲ. “ನೀ ಹೋಗು. ಇಬ್ರೂ ಹೋದ್ರ ಲಗ್ನದ ಸೀಜನ್ನಾಗ ಬಾಂಡೆ ಯಾರು ಮಾರ್ತಾರ?” ಎಂದರು. ಕಳಿಸುವಾಗ ಮಾತ್ರ ಕಣ್ಣು ಒರೆಸಿಕೊಂಡರು. ಧೂಳು ಹೋಗ್ಯಾದ ಎಂದರು. ಅಂಗಳ ಆಗಷ್ಟೇ ಸಾರಿಸಿದ್ದೆ!

ಹೈದರಾಬಾದ್, ವಿಮಾನ

ಹೈದರಾಬಾದಿನ ತನಕ ಮಗ ಬಂದು ಬಿಟ್ಟ. ಒಳಗೆ ತಪಾಸಣೆಯ ಬಾಗಿಲು ದಾಟುವಾಗ ಅದು ಕುಂಯ್ ಎಂದಿತು. ನನ್ನ ಕೊರಳಲ್ಲಿದ್ದ ಬೆಳ್ಳಿ ಕರಡಿಗೆಗೆ ಹಾಗೆ ಕೂಗಿದ್ದು. ಕರಡಿಗೆಯೊಳಗೆ ಲಿಂಗ. ತೆಗೆದು ತಟ್ಟೆಯಲ್ಲಿ ಚಪ್ಪಲಿಯ ಜೊತೆ ಇಡು ಎಂದರೆ ಹೇಗೆ ಇಡಲಿ? ಪೊಲೀಸ್ ಹುಡುಗಿ ತೆಲುಗಿನವಳು. ನಮ್ಮ ಕಡೆ ಕಾಲುವೆ ಕ್ಯಾಂಪಿನಲ್ಲಿ ನೆಲೆಸಿದ ತೆಲುಗಿನ ಗಿರಾಕಿಗಳಿಂದ ಕಲಿತ ಮಾತು ಅಲ್ಲಿ ಕೈ ಹಿಡಿಯಿತು. “ಇದಿ ನಾ ದೇವುಡಮ್ಮಾ,” ಎಂದೆ. ಅವಳು ನನ್ನನ್ನು ಪರದೆಯ ಹಿಂದೆ ಕರೆದೊಯ್ದು, ಕೈಯಲ್ಲಿ ಹಿಡಿಯುವ ಮಷೀನು ಆಡಿಸಿ ನೋಡಿ, ಕೊನೆಗೆ ತಾನೇ ಕೈ ಮುಗಿದಳು. ನನಗೆ ಅವಳನ್ನು ಮನೆಗೆ ಕರೆದೊಯ್ದು ಊಟಕ್ಕೆ ಹಾಕಬೇಕು ಅನ್ನಿಸಿತು.

ದಾರಿ ತಪ್ಪಬಾರದೆಂದು ಗಂಗಾ ನನ್ನ ಹೆಸರಿಗೆ ಗಾಲಿ ಕುರ್ಚಿ ಹೇಳಿಸಿದ್ದಳು. ಮಸ್ಕಿ ಗುಡ್ಡ ಹತ್ತಿ ಇಳಿಯುವ ಕಾಲಿಗೆ ಗಾಲಿ ಕುರ್ಚಿ! ನಡುವೆ ವಿಮಾನ ಬದಲಿಸುವ ಊರಿನಲ್ಲಿ ಅದನ್ನು ತಳ್ಳಲು ಬಂದವಳು ಕಡ್ಡಿಯಂಥ ಹುಡುಗಿ. ಅವಳು ನನ್ನನ್ನು ತಳ್ಳುವುದೇ? ನಾಚಿಕೆಯಾಯಿತು. ಎದ್ದುಬಿಟ್ಟೆ. ಅವಳು ಕೂರು ಅನ್ನುತ್ತಾಳೆ, ನಾನು ಒಲ್ಲೆ ಅನ್ನುತ್ತೇನೆ. ಕಡೆಗೆ ಕುರ್ಚಿಯ ಮೇಲೆ ನನ್ನ ಬ್ಯಾಗು ಮಹಾರಾಣಿಯ ಹಾಗೆ ಕೂತಿತು. ನಾವಿಬ್ಬರೂ ಹಿಂದೆ ಕೈ ಹಿಡಿದುಕೊಂಡು ನಡೆದೆವು.

ಹೆಸರು ಹೇಳಲಾಗದ ಊರು

ಗಂಗಾ ಇರುವ ಊರಿನ ಹೆಸರು ಕೇಳಬೇಡಿ. ಅದರ ಮೊದಲ ಅಕ್ಷರ ಅನ್ನಲು ಸಿಟ್ಟಾದ ಬೆಕ್ಕಿನ ಹಾಗೆ ಬಾಯಿಯ ಎರಡೂ ಕಡೆಯಿಂದ ಗಾಳಿ ಬಿಡಬೇಕು. ನಾನು ಪ್ರಯತ್ನ ಮಾಡಿದಾಗಲೆಲ್ಲ ಗಂಗಾ ಮುಖ ಒರೆಸಿಕೊಂಡಳು. ಇಂಗ್ಲಿಷಿನ ದೇಶಕ್ಕೆ ಅಂಟಿಕೊಂಡಿದ್ದರೂ ಇವರಿಗೆ ತಮ್ಮದೇ ಒಂದು ಭಾಷೆ ಇದೆ. ರಸ್ತೆಯ ಬೋರ್ಡಿನಲ್ಲಿ ಎರಡೂ ಇರುತ್ತವೆ, ತಮ್ಮದು ಮೇಲೆ. ನೋಡಿ ನನಗೆ ಎದೆ ಉಬ್ಬಿತು, ನನ್ನದೇ ಭಾಷೆಯೇನೋ ಅನ್ನುವ ಹಾಗೆ.

ನಮ್ಮ ಗುಡ್ಡ ಬರೀ ಕಲ್ಲು. ಅಲ್ಲಿಯ ಗುಡ್ಡಗಳೆಲ್ಲ ಹಸಿರು ಶಾಲು ಹೊದ್ದು ಕೂತಿವೆ. ಅದರ ಮೇಲೆ ಕುರಿಗಳು, ಕಾಯುವವರಿಲ್ಲ. ಮಳೆಯೋ, ಬರುವುದೂ ಗೊತ್ತಾಗುವುದಿಲ್ಲ, ಹೋಗುವುದೂ ಗೊತ್ತಾಗುವುದಿಲ್ಲ, ಮನೆ ಅಳಿಯನ ಹಾಗೆ. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಸಿಂಧನೂರು ಬಸ್ಸಿನಲ್ಲಿ ಹಾಗೆ ಒಬ್ಬೊಬ್ಬರೂ ಹೇಳುತ್ತ ನಿಂತರೆ ಬಸ್ಸು ಜವಳಗೇರಾ ದಾಟುವುದರೊಳಗೆ ಕತ್ತಲಾದೀತು. ನಾನೂ ಇಳಿಯುವಾಗ “ಶರಣ್ರೀ” ಎಂದೆ. ಡ್ರೈವರ್ ಟೋಪಿ ಮುಟ್ಟಿಕೊಂಡ!

ಹೋದ ಎರಡನೇ ದಿನ ಒಂದು ಫಜೀತಿ ಆಯಿತು. ಗಂಗಾ ಕೆಲಸಕ್ಕೆ ಹೋಗಿದ್ದಳು. ಒಯ್ದಿದ್ದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದೆ. ಒಂದು ರೊಟ್ಟಿ ಸೀದಿತು ಅಷ್ಟೇ, ಮನೆಯ ಮಾಳಿಗೆಯೇ ಬಾಯಿ ಬಿಟ್ಟು ಅಳತೊಡಗಿತು. ಹೊಗೆ ಕಂಡರೆ ಕೂಗುವ ಡಬ್ಬಿಯಂತೆ ಅದು. ನನಗೇನು ಗೊತ್ತು? ದೇವರ ನೆನೆಯುತ್ತ ಸೆರಗು ಬೀಸಿದೆ, ಅದಕ್ಕೆ ಕೈ ಮುಗಿದೆ, ಬೈದೂ ನೋಡಿದೆ. ಪಕ್ಕದ ಮನೆಯಾತ ಓಡಿ ಬಂದು ಕುರ್ಚಿ ಹತ್ತಿ ಅದರ ಬಾಯಿ ಮುಚ್ಚಿಸಿದ. ಅವನಿಗೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ. ಖಾರಕ್ಕೆ ಕಣ್ಣೀರು ಹಾಕುತ್ತಲೇ ಇನ್ನೊಂದಕ್ಕೆ ಕೈ ಚಾಚಿದ. ಒಳ್ಳೆಯ ಮನುಷ್ಯ.

ಮೈದಾನ

ಗಂಗಾಳ ಸಂಘ ಅಂದರೆ ರಗ್ಬಿ ಆಡುವವರ ಸಂಘ. ಕಬಡ್ಡಿಯನ್ನು ಕುಸ್ತಿಗೆ ಮದುವೆ ಮಾಡಿಕೊಟ್ಟರೆ ಹುಟ್ಟುವ ಕೂಸು ಈ ಆಟ. ಚೆಂಡು ಸುಲಿಯದ ತೆಂಗಿನಕಾಯಿಯಂತೆ. ದೊಡ್ಡ ದೊಡ್ಡ ಗಂಡಸರು ಹೋರಿಗಳ ಹಾಗೆ ತಲೆಗೆ ತಲೆ ಕೊಟ್ಟು ನೂಕುತ್ತಾರೆ. ಮುಗಿದ ಮೇಲೆ ಹೆಗಲ ಮೇಲೆ ಕೈ ಹಾಕಿಕೊಂಡು ಹಾಡುತ್ತಾರೆ.

ಸಂಘದ ಅಧ್ಯಕ್ಷ ಗ್ಯಾರೆತ್. ಹಿಂದೆ ಇದೇ ಆಟ ಆಡಿದವನು. ಅವನ ಕಿವಿಗಳು ಎಣ್ಣೆಯಲ್ಲಿ ಬಿಟ್ಟ ಹಪ್ಪಳದಂತೆ ಮುದುಡಿವೆ. ಚಹಾದ ಕಟ್ಟೆ ನೋಡಿಕೊಳ್ಳುವವಳು ಮೆಗನ್, ನನ್ನ ವಯಸ್ಸಿನವಳು. ಅವಳ ಭಾಷೆ ನನಗೆ ಬರುವುದಿಲ್ಲ, ನನ್ನದು ಅವಳಿಗೆ ಬರುವುದಿಲ್ಲ, ಆದರೂ ಮೊದಲ ದಿನವೇ ಇಬ್ಬರ ಮೊಣಕಾಲು ನೋವಿನ ವಿಷಯ ಪೂರ್ತಿ ಮಾತಾಡಿ ಮುಗಿಸಿದೆವು. ಅವರ ಭಾಷೆಯಲ್ಲಿ ಅಜ್ಜಿಗೆ ಮಾಮ್‌ಗಿ ಅನ್ನುತ್ತಾರೆ. ಮೆಗನ್ ನನ್ನನ್ನು ಹಾಗೆ ಕರೆಯತೊಡಗಿದ ಮೇಲೆ ಇಡೀ ಸಂಘಕ್ಕೆ ನಾನು ಮಾಮ್‌ಗಿಯೇ ಆದೆ.

ಗಂಗಾ ನನ್ನ ಕೈ ಹಿಡಿದು ಎಲ್ಲ ತೋರಿಸಿದಳು. ಇಲ್ಲಿ ಟಾಕಿ ಕೂಡಿಸಿದರೆ ಮಾಡಿನ ಮಳೆ ನೀರು ಅದಕ್ಕೆ ಇಳಿಯುತ್ತದೆ, ಬೇಸಿಗೆಯಲ್ಲಿ ಹುಲ್ಲಿಗೆ ಅದನ್ನೇ ಬಿಡಬಹುದು. ಅದನ್ನು ಹೇಳುವಾಗ ಇಬ್ಬರೂ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿದ್ದೆವು. “ಇಷ್ಟು ಮಳ್ಯಾಗ ನಿಂತು ನೀರು ಉಳಸೋ ಮಾತು ಆಡಾಕತ್ತೀಯಲ್ಲ ಬೇ! ನಮ್ಮ ಕಾಲುವಿ ಕೊನಿ ಹೊಲದವ್ರು ಕೇಳಿದ್ರ ಬಿದ್ದು ಬಿದ್ದು ನಗ್ತಾರ,” ಎಂದೆ. ಅವಳೂ ನಕ್ಕಳು. ನಗು ಅರ್ಧಕ್ಕೆ ನಿಂತಿತು.

ವಿಷಯ ಇದು. ಆಟದ ದಿನ ಜನ ಒಮ್ಮೆ ಕುಡಿದು ಬಿಸಾಡುವ ಗ್ಲಾಸುಗಳ ಗುಡ್ಡೆಯೇ ಬೀಳುತ್ತಿತ್ತು. ಗಂಗಾ ಸಂಘದವರನ್ನು ಒಪ್ಪಿಸಿ, ತೊಳೆದು ತೊಳೆದು ಬಳಸುವ ಗಟ್ಟಿ ಗ್ಲಾಸು ತರಿಸಿದ್ದಳು. ಆದರೆ ಗ್ಯಾರೆತ್‌ಗೆ ನಂಬಿಕೆ ಇಲ್ಲ. ಅವನು ಹೇಳಿದ್ದನ್ನು ಗಂಗಾ ನಮ್ಮ ಮಾತಿನಲ್ಲಿ ಹೇಳಿದಳು.

“ಏನಂತಾನ ಗೊತ್ತೇನು? ನಮ್ಮ ಮಂದಿ ಎಲ್ಲಿ ನಿಂತು ಕುಡೀತಾರೋ ಅಲ್ಲೇ ಗ್ಲಾಸ್ ಬಿಡ್ತಾರ. ಅವರಪ್ಪನೂ ಹಂಗಾ ಮಾಡ್ದ, ಅವರಜ್ಜನೂ ಹಂಗಾ ಮಾಡ್ದ. ನೀ ಬಂದು ಬದಲಿ ಮಾಡ್ತೀಯೇನವ್ವ?”

“ನೀ ಏನಂದಿ?”

“ಈ ಶನಿವಾರ ಒಂದು ಆಟ ನೋಡ್ರಿ ಅಂದೀನಿ. ಗ್ಲಾಸ್ ತಿರುಗಿ ಬಂದ್ರ ಸರಿ. ಬರಲಿಲ್ಲಂದ್ರ ಮತ್ತ ಹಳೇ ಬಿಸಾಡೋ ಗ್ಲಾಸೇ. ಗ್ಲಾಸ್ ಹೋದ್ರ ಟಾಕಿ, ದೀಪದ ಕೆಲಸಾನೂ ಹೋಗ್ತಾವ. ಇದು ನನ್ನ ಕೈಗೆ ಬಿಟ್ಟ ಮೊದಲನೇ ಸಂಘ, ಆಯಿ. ಇದು ದಡ ಸೇರಿದ್ರ ಮುಂದ ನಾನಾ ನಡಸ್ತೀನಿ. ಇಲ್ಲಂದ್ರ ಮತ್ತ ಮಂದಿ ಹಿಂದಿಂದ ಓಡ್ಯಾಡೋದು.”

ಆ ಗಾಳಿಗೂ ಸಿಗದ ಹುಡುಗಿಯ ಮುಖ ಇಷ್ಟು ಚಿಕ್ಕದಾದದ್ದು ನಾನು ನೋಡಿರಲಿಲ್ಲ. “ಫಿಕರ್ ಮಾಡಬ್ಯಾಡ. ನಾ ಅದೀನಲ್ಲ,” ಎಂದೆ.

ಅದೇ ನೋಡಿ ಕೆಟ್ಟದ್ದು.

ಶನಿವಾರ

ಇಳಕಲ್ ಸೀರೆ, ಮೇಲೆ ಸ್ವೆಟರು, ಕಾಲಿಗೆ ಗಂಗಾಳ ರಬ್ಬರ್ ಬೂಟು. ಹೀಗೆ ನಾನು ಮೈದಾನಕ್ಕೆ ಹೋದೆ. ಗೇಟಿನ ಹತ್ತಿರ ಒಂದು ಮೇಜು, ಒಂದು ನಲ್ಲಿ, ಖಾಲಿ ಕ್ರೇಟುಗಳು. ಗಂಗಾ ನನ್ನನ್ನು ಅಲ್ಲಿ ಕೂಡಿಸಿ, “ಆಟ ಮುಗಿದ ಮ್ಯಾಲೆ ಎಲ್ಲಾರೂ ಗ್ಲಾಸ್ ಹಿಡ್ಕೊಂಡು ಇತ್ಲಾಗ ಬರ್ತಾರ. ಸ್ವಲ್ಪ ನೋಡ್ಕೋ ಆಯಿ. ನಾ ಕಮಿಟಿಯವ್ರಿಗೆ ಟಾಕಿ ಕೂಡಿಸೋ ಜಾಗಾ ತೋರ್ಸಿ ಬರ್ತೀನಿ,” ಎಂದು ಓಡಿದಳು.

ಗ್ಲಾಸನ್ನು ನಾನು ಆಗ ಮೊದಲ ಸಲ ಹತ್ತಿರದಿಂದ ನೋಡಿದ್ದು. ಎಷ್ಟು ಚೆಂದ! ಹಸಿರು ಬಣ್ಣ, ಅದರ ಮೇಲೆ ಟಗರಿನ ತಲೆ, ಸುತ್ತಲೂ ಸಂಘದ ಹೆಸರು. ಜನ ಅದರಲ್ಲಿ ಬಿಳಿ ನೊರೆಯ ಏನೋ ಕುಡಿಯುತ್ತಿದ್ದರು. ಮಜ್ಜಿಗೆ ಎಂದುಕೊಂಡೆ. ಮಜ್ಜಿಗೆ ಅಲ್ಲ ಎಂದು ವಾಸನೆ ಹೇಳಿತು. ಇರಲಿ, ತೊಳೆದರೆ ಗ್ಲಾಸು ಗ್ಲಾಸೇ.

ಈಗ ನಮ್ಮ ಕಡೆಯ ಪದ್ಧತಿ ಹೇಳಬೇಕು. ನಮ್ಮಲ್ಲಿ ಪಾತ್ರೆಯ ಮೇಲೆ ಹೆಸರು ಹಾಕಿಸಿದರು ಅಂದರೆ ಅದು ಕೊಡುವುದಕ್ಕೇ. ಬಸುರಿಯ ಕುಬುಸಕ್ಕೆ ಬಟ್ಟಲು, ಮದುವೆಗೆ ತಾಟು, ಗೃಹಪ್ರವೇಶಕ್ಕೆ ತಂಬಿಗೆ. ಬಂದವರು “ಬ್ಯಾಡ್ರೀ, ಯಾಕ್ರೀ” ಎಂದು ವಾಪಸ್ ಚಾಚುತ್ತಾರೆ. ಬೇಡ ಅನ್ನುವುದು ಅವರ ಮರ್ಯಾದೆ. ಒತ್ತಾಯ ಮಾಡಿ ಕೈಗೆ ತುರುಕುವುದು ನಮ್ಮ ಮರ್ಯಾದೆ. ಒಯ್ಯದೆ ಹೋದವರ ಹಿಂದೆ ಬಸ್ ಸ್ಟ್ಯಾಂಡಿನವರೆಗೆ ಓಡಿ ಕಿಟಕಿಯಲ್ಲಿ ಕೊಟ್ಟು ಬಂದವಳು ನಾನು. ಮತ್ತೆ ಖಾಲಿ ಪಾತ್ರೆ ಕೊಡಬಾರದು. ಒಂದು ಕಾಳಾದರೂ ಒಳಗಿರಬೇಕು.

ಬಿಸಾಡುವ ಗ್ಲಾಸು ಬೇಡವೆಂದು ನನ್ನ ಮೊಮ್ಮಗಳು ಹೆಸರು ಹಾಕಿಸಿ ಗಟ್ಟಿ ಗ್ಲಾಸು ಮಾಡಿಸಿದ್ದಾಳೆ. ಜನರೆಲ್ಲ ಮನೆಗೊಂದೊಂದು ಒಯ್ಯಲಿ ಎಂದೇ ಅಲ್ಲವೇ? ಗ್ಲಾಸು ತಿರುಗಿ ಬರಬೇಕು ಎಂದು ಗಂಗಾ ಅಂದದ್ದೂ ಈ ವಾಪಸ್ ಚಾಚುವ ಮರ್ಯಾದೆಯೇ ಎಂದುಕೊಂಡೆ, ನನಗೆ ಬೇರೆ ಯೋಚನೆಯೇ ಬರಲಿಲ್ಲ.

ಆಟ ಮುಗಿಯಿತು. ಮೊದಲು ಬಂದವನು ಕೋಲೂರಿಕೊಂಡ ಒಬ್ಬ ಮುದುಕಪ್ಪ. ನನ್ನ ಮುಂದೆ ಗ್ಲಾಸು ಚಾಚಿದ. ಎಷ್ಟು ಮರ್ಯಾದಸ್ಥ ಎಂದುಕೊಂಡೆ. ತೆಗೆದುಕೊಂಡು ನಲ್ಲಿಯಲ್ಲಿ ತೊಳೆದೆ, ಸೆರಗಿನಿಂದ ಒರೆಸಿದೆ, ಮೆಗನ್‌ಳ ಕಟ್ಟೆಯಿಂದ ಒಂದು ಸಕ್ಕರೆ ತುಂಡು ತಂದು ಒಳಗೆ ಹಾಕಿ ಅವನ ಕೈಗೆ ಕೊಟ್ಟೆ.

“ನೋ ನೋ,” ಎಂದ.

“ಬ್ಯಾಡ ಅನ್ನಬಾರದ್ರೀ ಯಜಮಾನ್ರ. ಇರ್ಲಿ, ತಗೋರಿ!”

ಅವನು ಕ್ರೇಟು ತೋರಿಸಿದ. ನಾನು ಅವನ ಕೋಟಿನ ಜೇಬು ತೋರಿಸಿದೆ. ಅವನು ಮೇಜಿನ ಮೇಲೆ ಇಟ್ಟ. ನಾನು ಎತ್ತಿ ಜೇಬಿಗೆ ಇಳಿಸಿ, ಮೇಲಿಂದ ಒಂದು ಸಲ ತಟ್ಟಿದೆ. ಅವನ ಮುಖ ಅರಳಿಬಿಟ್ಟಿತು! ಹಿಂದಿದ್ದವರು ನೋಡುತ್ತಿದ್ದರು. ಆ ಜನ ಸಾಲು ಹಚ್ಚುವುದರಲ್ಲಿ ಗಟ್ಟಿಗರು. ನನ್ನ ಮುಂದೆ ಉದ್ದಕ್ಕೆ ಸಾಲು ನಿಂತಿತು. ನಾನು ತೊಳೆಯುವುದು, ಒರೆಸುವುದು, ಸಕ್ಕರೆ ಹಾಕುವುದು, ಕೊಡುವುದು. “ನೋ ನೋ” ಅಂದಷ್ಟೂ ನನಗೆ ಹುರುಪು. ಒಬ್ಬ ಹೆಂಗಸು ನನ್ನನ್ನು ತಬ್ಬಿಕೊಂಡಳು. ಒಬ್ಬ ಆಟಗಾರ, ಮೈಯೆಲ್ಲ ಕೆಸರು, ಮೂಗಿನಲ್ಲಿ ಹತ್ತಿ, ಮೊಣಕಾಲೂರಿ ಎರಡೂ ಕೈಯಲ್ಲಿ ಈಸಿಕೊಂಡ, ಥೇಟ್ ಪ್ರಸಾದ ತೆಗೆದುಕೊಳ್ಳುವವರ ಹಾಗೆ. ಕಟ್ಟೆಯ ಸಕ್ಕರೆ ಮುಗಿಯಿತು. ಮೆಗನ್ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಇದೂ ಗಂಗಾಳದೇ ಏರ್ಪಾಡು ಎಂದು ತಿಳಿದಳಂತೆ. ಒಳಗೆ ಹೋಗಿ ಸಕ್ಕರೆಯ ಇನ್ನೊಂದು ಡಬ್ಬಿ ತಂದಳು, ಪಾಪ!

ಜನ ಕರಗಿದ ಮೇಲೆ ಗಂಗಾ ಓಡಿ ಬಂದಳು. ಹಿಂದೆ ಗ್ಯಾರೆತ್. ಕ್ರೇಟು ನೋಡಿದಳು, ಮೇಜಿನ ಕೆಳಗೆ ಬಗ್ಗಿ ನೋಡಿದಳು.

“ಗ್ಲಾಸ್ ಎಲ್ಲಿ ಆಯಿ?”

“ಎಲ್ಲಾ ಕೊಟ್ಟೆ ಬೇ!” ನನಗೆ ಖುಷಿ ತಡೆಯದು. “ಬ್ಯಾಡ ಬ್ಯಾಡ ಅಂತಿದ್ರು, ನಾ ಬಿಡ್ತೀನೇನು? ಒಬ್ರನ್ನೂ ಬರಿಗೈಲೆ ಕಳಿಸಿಲ್ಲ!”

ಗಂಗಾ ಖಾಲಿ ಕ್ರೇಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತುಕೊಂಡಳು.

ಭಾನುವಾರ

ವಿಷಯ ತಿಳಿದ ಮೇಲೆ ನನಗೆ ಊಟ ಸೇರಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಗಂಗಾ ಬೈಯಲಿಲ್ಲ. “ನಂದೂ ತಪ್ಪೈತಿ. ಸರಿಯಾಗಿ ಹೇಳಿ ಹೋಗ್ಬೇಕಿತ್ತು,” ಎಂದು ಕಿಟಕಿಯ ಹೊರಗೆ ನೋಡುತ್ತ ಕೂತಳು. ನಮ್ಮ ಮನೆಯವರಿಗೆ ವಿಡಿಯೋ ಕಾಲ್ ಮಾಡಿ ಹೇಳಿದೆ. ಅವರು ಅಂಗಡಿಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

“ನಕ್ಕೋರಿ, ನಕ್ಕೋರಿ. ಹುಡುಗಿ ಕೆಲಸಕ್ಕ ಕಲ್ಲು ಹಾಕಿ ಕುಂತೀನಿ ನಾ.”

“ಅಲ್ಲಲೇ, ಈಗ ಮನಿ ಮನಿಗೆ ಹೋಗಿ ವಾಪಸ್ ಈಸ್ಕೊಂಡು ಬರ್ತೀಯೇನು?”

ನನಗೂ ಅದೇ ಚಿಂತೆ. ಕೊಟ್ಟದ್ದನ್ನು ವಾಪಸ್ ಕೇಳುವುದು ಹೇಗೆ? ಹೆಸರು ಹಾಕಿಸಿ ಕೊಟ್ಟ ತಂಬಿಗೆಯನ್ನು ತಿರುಗಿ ಕೊಡಿ ಎಂದವರು ನಮ್ಮ ಮೂರು ತಾಲ್ಲೂಕಿನಲ್ಲಿ ಹುಟ್ಟಿಲ್ಲ.

ಮಧ್ಯಾಹ್ನ ಗ್ಯಾರೆತ್ ಮನೆಗೆ ಬಂದ. ಬಾಗಿಲಲ್ಲಿ ಬಗ್ಗಿ ಒಳಗೆ ಬರಬೇಕಾಯಿತು, ಅಷ್ಟು ಎತ್ತರ. ಕಮಿಟಿಯವರು ನಗುತ್ತಿದ್ದಾರೆ ಎಂದ. ಗ್ಲಾಸು ತಿರುಗಿ ಬರುವುದಿಲ್ಲವೆಂದು ನಾವು ಮೊದಲೇ ಹೇಳಿರಲಿಲ್ಲವೇ ಅನ್ನುತ್ತಿದ್ದಾರಂತೆ. ಇನ್ನೊಂದು ಶನಿವಾರ ಬಿಟ್ಟು ಮತ್ತೆ ನಮ್ಮ ಮೈದಾನದಲ್ಲಿ ಆಟ ಇದೆ. ಅಲ್ಲಿಯವರೆಗೆ ತಡೆಯಲು ಅವರನ್ನು ಒಪ್ಪಿಸಿದ್ದೇನೆ, ಅದಕ್ಕಿಂತ ಹೆಚ್ಚು ನನ್ನ ಕೈಯಲ್ಲಿಲ್ಲ ಎಂದ. ಆಮೇಲೆ ನನ್ನ ಕಡೆ ತಿರುಗಿ ಏನೋ ಕೇಳಿದ.

“ಸಕ್ಕರಿ ಯಾಕ ಹಾಕಿದ್ರಿ ಅಂತ ಕೇಳ್ತಾನ,” ಎಂದಳು ಗಂಗಾ.

“ಖಾಲಿ ಕೊಡಬಾರದು ಅಂತ ಹೇಳು. ಮನಿಗೆ ಬಂದ ಬೀಗರಿಗೆ ಬಾಂಡೆ ಖಾಲಿ ಕೊಡ್ತಾರೇನು?”

ನಮ್ಮ ಕಡೆ ಮನೆಗೆ ಬಂದ ನೆಂಟರೆಲ್ಲ ಬೀಗರೇ. ಅವನು ತಲೆ ತೂಗಿದ. “ಆದ್ರ ಅವ್ರು ಬೀಗರಲ್ಲಲ್ಲ, ಸಂಘ ಅವರದಾ ಐತಲ್ಲ ಅಂತಾನ,” ಎಂದಳು ಗಂಗಾ.

ನಾನು ತೊಡೆ ತಟ್ಟಿಕೊಂಡೆ. ಹೌದಲ್ಲ! ನಮ್ಮಲ್ಲಿ ದಾಸೋಹಕ್ಕೆ ಹೋಗುವ ಊರಿನವರು ತಾಟು, ತಂಬಿಗೆ ಮನೆಯಿಂದ ಒಯ್ಯುತ್ತಾರೆ. ಪರಊರಿನವರಿಗೆ ಮಠದವರು ಕೊಡುತ್ತಾರೆ. “ಗಂಗಾ, ಗ್ಲಾಸ್ ವಾಪಸ್ ಕೊಡ್ರಿ ಅಂತ ಕೇಳಬ್ಯಾಡ. ನನ್ನ ಇಜ್ಜತ್ತು ಹೋಗ್ತದ. ಹಿಂಗ ಹೇಳು: ಗ್ಲಾಸ್ ನಿಮ್ದಾ. ಆದ್ರ ಮನಿ ಮಂದಿ ತಮ್ಮ ಗ್ಲಾಸ್ ತಾವಾ ತರ್ತಾರ. ಬೀಗರಿಗೆ ಅಷ್ಟಾ ನಾವು ಕೊಡೋದು. ನೀವು ಬೀಗರೋ, ಮನಿ ಮಂದಿಯೋ, ನೀವಾ ನೋಡ್ಕೋರಿ!”

ಗಂಗಾ ನನ್ನ ಮುಖ ನೋಡಿದಳು. ಆಮೇಲೆ ನಕ್ಕಳು ನೋಡಿ, ಕಣ್ಣಲ್ಲಿ ನೀರು ಬರುವ ತನಕ! ನನ್ನದೊಂದು ಫೋಟೋ ತೆಗೆದು, ಕೆಳಗೆ ಈ ಮಾತನ್ನು ಅವರ ಎರಡೂ ಭಾಷೆಯಲ್ಲಿ ಬರೆದು, ಸಂಘದ ವಾಟ್ಸಾಪ್ ಗುಂಪಿಗೆ ಗ್ಯಾರೆತ್‌ನ ಕೈಯಿಂದಲೇ ಹಾಕಿಸಿದಳು.

ಮತ್ತೆ ಮೈದಾನ

ಆ ಶನಿವಾರ ಬೆಳಿಗ್ಗೆಯಿಂದ ಮಳೆ. ಇವತ್ತು ಜನವೇ ಬರುವುದಿಲ್ಲ ಎಂದು ನಾನು ಗೇಟಿನಲ್ಲಿ ಕೊಡೆ ಹಿಡಿದು ನಿಂತೆ. ಮೊದಲು ಬಂದ ಗಂಡ ಹೆಂಡತಿಯ ಕೈ ಖಾಲಿ. ಅವರ ಹಿಂದಿನವರ ಕೈಯೂ ಖಾಲಿ. ಗಂಗಾ ದೂರದಲ್ಲಿ ಎಲ್ಲಿಯೋ ನೋಡುತ್ತಿರುವ ಹಾಗೆ ನಿಂತಿದ್ದಳು. ಅವಳು ನೋಡುತ್ತಿದ್ದದ್ದು ಜನರ ಕೈಗಳನ್ನೇ.

ಆಗ ಮುದುಕಪ್ಪ ಬಂದ. ಕೋಲು ಕಂಕುಳಿಗೆ ಸಿಕ್ಕಿಸಿ, ಕೋಟಿನ ಜೇಬಿಗೆ ಕೈ ಹಾಕಿ ಹಸಿರು ಗ್ಲಾಸು ತೆಗೆದು ನನಗೆ ಎತ್ತಿ ತೋರಿಸಿದ. ನಾನು ಕೊಡೆ ಬಿಟ್ಟುಬಿಟ್ಟೆ! ಅವನ ಹಿಂದೆ ಒಬ್ಬ ಹೆಂಗಸು ಗ್ಲಾಸನ್ನು ಚೀಲದ ಹಿಡಿಕೆಗೆ ಕಟ್ಟಿಕೊಂಡು ಬಂದಳು. ಒಬ್ಬ ತಲೆಯ ಮೇಲೆ ಟೋಪಿಯಂತೆ ಬೋರಲು ಹಾಕಿಕೊಂಡಿದ್ದ. ಬಂದರು, ಬಂದರ್ರೀ! ಎಲ್ಲರೂ ತಂದರು ಅಂದರೆ ಸುಳ್ಳಾದೀತು. ಮರೆತವರೂ ಬಹಳ ಜನ ಇದ್ದರು. ಆದರೆ ಮೆಗನ್ ಅವರನ್ನು ಬಿಡಲಿಲ್ಲ. ಬರಿಗೈಯಲ್ಲಿ ಕಟ್ಟೆಗೆ ಬಂದ ಒಬ್ಬೊಬ್ಬರಿಗೂ ಜೋರಾಗಿ ಕೇಳುತ್ತಿದ್ದಳು. ಏನು ಕೇಳಾಕತ್ತಾಳ ಎಂದರೆ ಗಂಗಾ ಹೇಳಿದಳು, “ಬೀಗರೋ, ಮನಿ ಮಂದಿಯೋ ಅಂತ!” ಸುತ್ತ ಇದ್ದವರು ಹೋ ಎಂದು ನಗುತ್ತಿದ್ದರು. ಸಿಕ್ಕಿಬಿದ್ದವರು ನಾಚಿಕೊಂಡು, ಮೊದಲ ದಿನ ಒಳಗೇ ಉಳಿದಿದ್ದ ಕಟ್ಟೆಯ ಗ್ಲಾಸು ಈಸಿಕೊಂಡು, ಕುಡಿದ ಮೇಲೆ ಎಲ್ಲರ ಕಣ್ಣ ಮುಂದೆ ತಂದು ಕ್ರೇಟಿಗೆ ಇಡುತ್ತಿದ್ದರು.

ಅಷ್ಟರಲ್ಲಿ ಗ್ಯಾರೆತ್ ಬಂದ. ಚಹಾ ಕೇಳಿದ. ಮೆಗನ್ ಅವನ ಎರಡೂ ಕೈ ನೋಡಿದಳು. ಖಾಲಿ! ಅಧ್ಯಕ್ಷರೇ ಮರೆತು ಬಂದಿದ್ದರು.

“ಬೀಗರೋ?” ಎಂದು ನಾನೇ ಕನ್ನಡದಲ್ಲಿ ಕೇಳಿದೆ. ಅವನಿಗೆ ಚೆನ್ನಾಗಿ ತಿಳಿಯಿತು. ಕಟ್ಟೆಯ ಮುಂದೆ ನಿಂತಿದ್ದವರು ಸಾಲಾಗಿ ನಿಂತು ಅವನಿಗಾಗಿ ಒಂದು ಹಾಡು ಕಟ್ಟಿ ಹಾಡಿದರು. ಅವನ ಹಪ್ಪಳದ ಕಿವಿಗಳು ಕೆಂಪಗಾದವು. ಮಳೆಯಲ್ಲಿ ತಿರುಗಿ ಗುಡ್ಡದ ಮೇಲಿನ ಮನೆಗೆ ನಡೆದು ಹೋದ. ಆಟ ಶುರುವಾದ ಮೇಲೆ ತೊಯ್ದು ಬಂದ, ಕೈಯಲ್ಲಿ ಗ್ಲಾಸು ಎತ್ತಿ ಹಿಡಿದುಕೊಂಡು. ಆಗ ಬಿದ್ದ ಚಪ್ಪಾಳೆ ಆಟಗಾರರಿಗೂ ಬೀಳಲಿಲ್ಲ.

ಆಟ ಮುಗಿದು ಜನ ಹೋದ ಮೇಲೆ ಹುಲ್ಲಿನ ಮೇಲೆ ಹುಡುಕಿದರೂ ಒಂದು ಬಿಸಾಡಿದ ಗ್ಲಾಸು ಇರಲಿಲ್ಲ. ಗ್ಯಾರೆತ್ ಕಮಿಟಿಯವರನ್ನು ಮಾಡಿನ ಕೆಳಗೆ ಸೇರಿಸಿ ಮಾತಾಡಿದ. ನನಗೆ ಮಾತು ತಿಳಿಯದು. ನಾನು ಗಂಗಾಳ ಮುಖವನ್ನೇ ನೋಡುತ್ತಿದ್ದೆ. ಒಬ್ಬೊಬ್ಬರೇ ಕೈ ಎತ್ತಿದರು. ಗಂಗಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ನನ್ನ ಕಡೆಗೆ ಓಡಿ ಬಂದಳು, ಆ ತಿರುವಿಕೊಂಡ ಮೊಣಕಾಲಿನಲ್ಲೇ, ನೀರು ಚಿಮ್ಮಿಸಿಕೊಂಡು.

“ಆಯಿ! ಗ್ಲಾಸ್ ಖಾಯಂ ಆತು! ಟಾಕಿ, ದೀಪ ಎಲ್ಲಾ ನಾ ಹೇಳ್ದಂಗಾ ಮಾಡ್ತಾರಂತ! ಮುಂದಿನ ಸಂಘನೂ ನನ್ನ ಕೈಗೇ ಕೊಡ್ರಿ ಅಂತ ನಮ್ಮ ಆಫೀಸಿಗೆ ಗ್ಯಾರೆತ್ ತಾನಾ ಹೇಳ್ತಾನಂತ!”

ಅವಳ ಮುಖಕ್ಕೆ ದೃಷ್ಟಿ ತೆಗೆದು ನೆಟಿಕೆ ಮುರಿದೆ. ಮತ್ತೊಂದು ಸಲ ತೆಗೆದೆ. ಅಷ್ಟೂ ಮಂದಿಯ ಕಣ್ಣು ನನ್ನ ಕೂಸಿನ ಮೇಲೆ ಬಿದ್ದಿತ್ತಲ್ಲ, ಒಂದು ಸಲ ಸಾಕಾಗುತ್ತದೆಯೇ?

ಆಗ ಗೇಟಿನ ಕಡೆ ಗದ್ದಲ ಕೇಳಿಸಿತು. ಎದುರಾಳಿ ಊರಿನವರು ತಮ್ಮ ಬಸ್ಸು ಹತ್ತುತ್ತಿದ್ದರು. ಕಟ್ಟೆಯ ಗ್ಲಾಸುಗಳನ್ನು ಕ್ರೇಟಿನಲ್ಲಿಟ್ಟು ಹೊರಟವರನ್ನು ಮೆಗನ್ ಅಡ್ಡಗಟ್ಟಿ ನಿಂತಿದ್ದಳು. ಅವರೇ ನಿಜವಾದ ಬೀಗರಲ್ಲವೇ! ಮೇಜಿನ ಮೇಲೆ ಸಕ್ಕರೆ ಡಬ್ಬಿ. ಒಬ್ಬ ದಪ್ಪ ಮನುಷ್ಯ “ನೋ ನೋ” ಎಂದು ಹಿಂದೆ ಸರಿದ. ಮೆಗನ್ ಗ್ಲಾಸು ಹಿಡಿದು ಮುಂದೆ ಸರಿದಳು. ಅವನು ಬಸ್ಸಿನ ಮೆಟ್ಟಿಲು ಹತ್ತಿದ. ಅವಳೂ ಹತ್ತಿದಳು. ಬಾಗಿಲಲ್ಲಿ ಅವನ ಜೇಬು ಹಿಡಿದು, ಗ್ಲಾಸು ಒಳಗಿಳಿಸಿ, ಮೇಲಿಂದ ಒಂದು ಸಲ ತಟ್ಟಿ, ಮಳೆಯಲ್ಲಿ ಇಡೀ ಮೈದಾನಕ್ಕೆ ಕೇಳುವ ಹಾಗೆ ಕೂಗಿದಳು:

“ಇರ್ಲಿ, ತಗೋರಿ!”